ಕಣ್ಣೆದುರಿನ ಟ್ರೌಟ್ ಗಾಳಕ್ಕೆ ಏಕೆ ಬೀಳುವುದಿಲ್ಲ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವನು. ಆರು ವರ್ಷಗಳಿಂದ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಚಿಕ್ಕಂದಿನಲ್ಲಿ ಸೋದರಮಾವನ ಜೊತೆ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕಿದ ಅನುಭವವಿದೆ. ಎರಡು ವರ್ಷದ ಹಿಂದೆ ಫ್ಲೈ ಮೀನುಗಾರಿಕೆ, ಎಂದರೆ ಹುಳುವನ್ನು ಹೋಲುವಂತೆ ಗಾಳಕ್ಕೆ ದಾರ ಸುತ್ತಿ ಕಟ್ಟಿದ ‘ಫ್ಲೈ’ಯಿಂದ ಮೀನು ಹಿಡಿಯುವುದನ್ನು ಕಲಿತು, ಸುತ್ತಲಿನ ಹೊಳೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಅಷ್ಟಿಷ್ಟು ಹಿಡಿದಿದ್ದೇನೆ. ಆದರೆ ಸೌತ್ ಪ್ಲ್ಯಾಟ್ ನದಿಯ ಚೀಸ್‌ಮನ್ ಕಮರಿಗೆ ಈ ವರ್ಷ ನಾಲ್ಕು ಸಲ ಹೋಗಿ, ನಾಲ್ಕೂ ಸಲ ಬರಿಗೈಯಲ್ಲಿ ಮರಳಿದೆ. ನೀರು ಎಷ್ಟು ತಿಳಿಯೆಂದರೆ ಮೀನುಗಳನ್ನು ಎಣಿಸಬಹುದು. ಕೆಲವು ತಳಕ್ಕೆ ಇಳಿದು ಅಲ್ಲಾಡದೆ ನಿಲ್ಲುತ್ತವೆ. ಕೆಲವು ನನ್ನ ಫ್ಲೈ ತೇಲಿ ಬರುವ ಹೊತ್ತಿಗೆ ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಎರಡು ಸಲ ಬಾಯಿಯ ಒಳಗಿನ ಬಿಳುಪು ಫಳಕ್ಕೆಂದು ಕಂಡಿತು, ಕೈಗೆ ಮಾತ್ರ ಏನೂ ತಿಳಿಯಲಿಲ್ಲ. ಅಲ್ಲಿಯ ಮೀನುಗಳು ಸಿಕ್ಕಿ ಸಿಕ್ಕಿ ಪಾಠ ಕಲಿತಿವೆ, ಕೂದಲೆಳೆಯಂಥ ದಾರ ಬೇಕು, ಮಾತಾಡಕೂಡದು, ಹಸಿರು ಅಂಗಿಯನ್ನೇ ತೊಡಬೇಕು ಎಂದು ಗೆಳೆಯರು ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು? ಹಿಡಿದು ಬಿಟ್ಟ ಮೀನು ನಿಜವಾಗಿ ಬದುಕುತ್ತದೆಯೇ ಎಂಬ ಅಳುಕೂ ನನಗಿದೆ.

ಉತ್ತರ: ನಿಮ್ಮ ಪತ್ರದ ಎರಡು ಸಾಲುಗಳ ಕೆಳಗೆ ನಾನು ಗೆರೆ ಎಳೆದಿದ್ದೇನೆ. ತಳಕ್ಕೆ ಇಳಿದು ಅಲ್ಲಾಡದೆ ನಿಂತ ಮೀನು ಮೊದಲನೆಯದು, ಬಾಯಿಯ ಬಿಳುಪು ಎರಡನೆಯದು. ಅಲ್ಲಾಡದೆ ನಿಂತ ಮೀನು ನೀವು ಗಾಳ ಎಸೆಯುವ ಮೊದಲೇ ನಿಮ್ಮನ್ನು ನೋಡಿ ಮೇಯುವುದನ್ನು ನಿಲ್ಲಿಸಿತ್ತು; ಅದರ ಮುಂದೆ ಜಗತ್ತಿನ ಯಾವ ಫ್ಲೈ ತೇಲಿಸಿದರೂ ಪ್ರಯೋಜನವಿರಲಿಲ್ಲ. ಬಿಳುಪು ತೋರಿಸಿದ ಮೀನಾದರೋ, ಬಹುಮಟ್ಟಿಗೆ ನಿಮ್ಮ ಫ್ಲೈಯನ್ನೇ ಬಾಯಿಗೆ ತೆಗೆದುಕೊಂಡು, ತಿನ್ನುವ ವಸ್ತುವಲ್ಲವೆಂದು ತಿಳಿದೊಡನೆ ಉಗುಳಿತು. ಆದ್ದರಿಂದ ನಾಲ್ಕು ಪ್ರಯಾಣಗಳಲ್ಲಿ ಒಂದೂ ಮೀನು ಮುಟ್ಟಲಿಲ್ಲವೆಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮುಟ್ಟಿದ್ದು ನಿಮಗೆ ತಿಳಿಯಲಿಲ್ಲ. ಕೊಲೊರಾಡೊದ ಹೊಳೆಗಳಲ್ಲಿ ಮೀನು ಸಮೀಕ್ಷೆ ಮಾಡುವುದೇ ನನ್ನ ವೃತ್ತಿಯಾಗಿತ್ತು. ವಾರವಿಡೀ ನೀರಿಗೆ ವಿದ್ಯುತ್ ಹಾಯಿಸಿ ಮೀನೆಣಿಸುತ್ತಿದ್ದ ನಾನೇ ಭಾನುವಾರ ಅದೇ ಕಮರಿಯಿಂದ ಬರಿಗೈಯಲ್ಲಿ ಮರಳಿದ್ದು ಒಂದೆರಡು ಸಲವಲ್ಲ.

ಮೊದಲು ಆ ನೀರಿನ ಸ್ವಭಾವವನ್ನು ಹೇಳುತ್ತೇನೆ, ಏಕೆಂದರೆ ನೀವು ಮೀನು ಹಿಡಿದ ಬೇರೆ ಹೊಳೆಗಳಿಗೂ ಇದಕ್ಕೂ ವ್ಯತ್ಯಾಸ ಅಲ್ಲಿಯೇ ಇದೆ. ಡೆನ್ವರ್ ನಗರದ ಕುಡಿಯುವ ನೀರಿಗಾಗಿ ಕಟ್ಟಿ 1905ರಲ್ಲಿ ಮುಗಿಸಿದ, 221 ಅಡಿ ಎತ್ತರದ ಕಲ್ಲಿನ ಚೀಸ್‌ಮನ್ ಅಣೆಕಟ್ಟೆಯ ಕೆಳಗೆ ಸುಮಾರು ಮೂರು ಮೈಲಿ ಉದ್ದಕ್ಕೆ ಈ ಕಮರಿ ಹಬ್ಬಿದೆ. ಜಲಾಶಯದಲ್ಲಿ ಕೆಸರು ತಂಗುವುದರಿಂದ ಹೊರಬರುವ ನೀರು ತಿಳಿಯಾಗಿರುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಭಾರವಾಗಿ ತಳ ಸೇರುವುದರಿಂದ, ಆಳದಿಂದ ಬರುವ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗಾಗದು, ಬೇಸಿಗೆಯಲ್ಲಿ ಬೇಗನೆ ಬಿಸಿಯೂ ಆಗದು. ಇಂಥ ಏಕರೂಪದ ತಣ್ಣೀರಿಗೆ ಒಗ್ಗಿಕೊಳ್ಳುವುದು ಸಣ್ಣ ಕೀಟಗಳು: ಕಚ್ಚದ ಗುಂಗುರಿನ ಜಾತಿಯ ಮಿಡ್ಜ್, ಬೇಟಿಸ್ ಎಂಬ ಪುಟ್ಟ ಮೇಫ್ಲೈ, ಬೇಸಿಗೆಯ ಕೊನೆಯಲ್ಲಿ ಅದಕ್ಕಿಂತಲೂ ಚಿಕ್ಕದಾದ ಟ್ರೈಕೊ. ಎಳ್ಳಿಗಿಂತ ತುಸು ಉದ್ದವಿರುವ ಈ ಹುಳುಗಳು ದಿನವಿಡೀ ತೇಲಿ ಬರುತ್ತಿರುವಾಗ, ಟ್ರೌಟ್ ಒಂದು ಬಂಡೆಯ ಮುಂದೆಯೋ ಪಕ್ಕದಲ್ಲೋ ನೆಲೆ ಹಿಡಿದು, ಮೈ ಹೆಚ್ಚು ಅಲ್ಲಾಡಿಸದೆ, ಬಾಯಿಗೆ ಎದುರಾಗಿ ಬಂದದ್ದನ್ನಷ್ಟೇ ತೆಗೆದುಕೊಳ್ಳುತ್ತದೆ. ಅಷ್ಟು ಸಣ್ಣ ತುತ್ತಿಗಾಗಿ ಎರಡು ಅಡಿ ಓಡಿದರೆ ಖರ್ಚಾದ ಶಕ್ತಿ ತುತ್ತಿನಲ್ಲಿ ಹಿಂದಿರುಗುವುದಿಲ್ಲ. ರಭಸದ ಬೆಟ್ಟದ ಹೊಳೆಯಲ್ಲಿ ಯೋಚಿಸಲು ಸಮಯವಿಲ್ಲದೆ ಎಗರಿ ಹಿಡಿಯುವ ಮೀನಿಗೂ, ಇಲ್ಲಿ ನಿಧಾನವಾಗಿ ಬರುವ ಸಣ್ಣ ತುತ್ತನ್ನು ಪರೀಕ್ಷಿಸಲು ಬಿಡುವಿರುವ ಮೀನಿಗೂ ಜಾತಿ ಒಂದೇ ಇರಬಹುದು, ಕಸುಬು ಬೇರೆ.

ಈಗ ನಿಮ್ಮನ್ನು ಅದು ಹೇಗೆ ನೋಡಿತೆಂಬ ಮಾತಿಗೆ ಬರೋಣ. ಉತ್ತರದ ಬಹುಪಾಲು ಇಲ್ಲಿದೆ. ಗಾಳಿಯಿಂದ ನೀರಿಗೆ ಇಳಿಯುವ ಬೆಳಕು ಬಾಗುವುದರಿಂದ, ನೀರಿನೊಳಗಿನ ಮೀನಿಗೆ ಹೊರಗಿನ ಇಡೀ ಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಈ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಅದರ ಅಗಲ ಮೀನಿರುವ ಆಳದ ಸುಮಾರು 2.26 ಪಟ್ಟು. ಎರಡು ಅಡಿ ಆಳದಲ್ಲಿರುವ ಮೀನಿನ ಕಿಟಕಿ ನಾಲ್ಕೂವರೆ ಅಡಿ ಅಗಲವಿರುತ್ತದೆ. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿ ನದಿಯ ತಳವನ್ನೇ ಪ್ರತಿಬಿಂಬಿಸುತ್ತದೆ. ಕಿಟಕಿ ಚಿಕ್ಕದು, ಹಾಗಾದರೆ ನಾನು ಕಾಣುವುದಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಆದರೆ ಆ ಪುಟ್ಟ ವೃತ್ತದೊಳಗೆ ದಡದಿಂದ ದಡದವರೆಗಿನ ಆಕಾಶವೆಲ್ಲ ಇದೆ. ನೀರಿನ ಮಟ್ಟದಿಂದ ಮೇಲಕ್ಕೆ ಹತ್ತು ಡಿಗ್ರಿಯೊಳಗಿರುವ ವಸ್ತುಗಳು ಮಾತ್ರ ಕಿಟಕಿಯ ಅಂಚಿನಲ್ಲಿ ಕುಗ್ಗಿ ಮಬ್ಬಾಗುತ್ತವೆ, ಮತ್ತು ನಾವು ಅಡಗಿಕೊಳ್ಳಬಹುದಾದ ಜಾಗ ಆ ಅಂಚು.

ಹತ್ತು ಡಿಗ್ರಿಯೆಂದರೆ ಎಷ್ಟೆಂದು ಲೆಕ್ಕ ಹಾಕಿ. ಮೀನಿನಿಂದ 30 ಅಡಿ ದೂರದಲ್ಲಿ ನೀರಿನ ಅಂಚಿಗೆ ನಿಂತವನಿಗೆ ಆ ಮಿತಿ ಸುಮಾರು 5 ಅಡಿ 3 ಅಂಗುಲ. 20 ಅಡಿಗೆ ಬಂದರೆ ಮೂರೂವರೆ ಅಡಿ, ಎಂದರೆ ಮೊಣಕಾಲೂರಬೇಕು. ಐದೂವರೆ ಅಡಿಯ ಮನುಷ್ಯನೊಬ್ಬ ನಾಲ್ಕು ಅಡಿ ಎತ್ತರದ ಬಂಡೆಯೇರಿ ನಿಂತರೆ 50 ಅಡಿಗಿಂತಲೂ ಹಿಂದಿರಬೇಕಾಗುತ್ತದೆ. ನೀವು ಮೀನುಗಳನ್ನು ಎಣಿಸಿದ್ದು ಎಲ್ಲಿಂದ? ಬಹುಶಃ ಕಮರಿಯೊಳಗೆ ಸಾಗುವ ಗಿಲ್ ಕಾಲುದಾರಿಯ ಕೆಳಗಿನ ಯಾವುದೋ ಬಂಡೆಯ ನೆತ್ತಿಯಿಂದ. ನಿಮಗೆ ಅವು ಚೆನ್ನಾಗಿ ಕಾಣುವ ಜಾಗವೆಂದರೆ ಅವಕ್ಕೆ ನೀವೂ ಚೆನ್ನಾಗಿ ಕಾಣುವ ಜಾಗ. ಎತ್ತರದಿಂದ ನೋಡಿ ಮೀನನ್ನು ಗುರುತು ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆಮೇಲೆ ಹಿಂದೆ ಸರಿದು, ಸುತ್ತು ಬಳಸಿ, ಕೆಳಹರಿವಿನ ಕಡೆಯಿಂದ ತಗ್ಗಿ ಬರಬೇಕು. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಅದಕ್ಕೆ ಸುತ್ತಲೂ ಕಾಣುತ್ತದೆ, ಬಾಲದ ಹಿಂದಿನ ಒಂದು ಕಿರಿದಾದ ಓಣಿ ಮಾತ್ರ ಕಾಣದು. ಇನ್ನೊಂದು ಮಾತು: ನೀರಿಗಿಳಿದರೆ ನಿಮ್ಮ ಕಾಲುಗಳಿಗೆ ಈ ಕಿಟಕಿಯ ಲೆಕ್ಕವೇ ಅನ್ವಯಿಸುವುದಿಲ್ಲ, ತಿಳಿನೀರಿನಲ್ಲಿ ಅವು ನೇರವಾಗಿ ಬಹುದೂರ ಕಾಣುತ್ತವೆ. ಈ ಕಮರಿಯಲ್ಲಿ ನಾನು ದಡ ಬಿಟ್ಟು ಇಳಿಯುವುದೇ ಅಪರೂಪ.

ಮಾತಿನ ವಿಷಯದಲ್ಲಿ ನಿಮ್ಮ ಗೆಳೆಯರ ಎಚ್ಚರಿಕೆ ಅನಗತ್ಯ. ಗಾಳಿಯಲ್ಲಿ ಬರುವ ಧ್ವನಿಯ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ನೀರಿಗೆ ದಾಟುತ್ತದೆ, ಉಳಿದದ್ದು ಮೇಲ್ಮೈಗೆ ಬಡಿದು ಹಿಂದಿರುಗುತ್ತದೆ. ನೀವು ಹರಟೆ ಹೊಡೆಯಬಹುದು. ಜಲ್ಲಿಕಲ್ಲಿನ ಮೇಲೆ ದಬದಬ ನಡೆಯುವುದು, ಊರುಗೋಲಿನ ಕಬ್ಬಿಣದ ತುದಿಯಿಂದ ಬಂಡೆ ಕುಟ್ಟುವುದು, ನೀರಲ್ಲಿ ಕಲ್ಲು ಉರುಳಿಸುವುದು, ಇವು ಬೇರೆ ಸಂಗತಿ. ನೆಲ ಮತ್ತು ನೀರಿನ ಮೂಲಕ ನೇರವಾಗಿ ಹೋಗುವ ಕಂಪನವನ್ನು ಮೀನು ಒಳಕಿವಿಯಿಂದಲೂ, ಮೈಯ ಎರಡು ಪಕ್ಕೆಗಳಲ್ಲಿ ಸಾಗುವ ಸಂವೇದನೆಯ ಗೆರೆಯಿಂದಲೂ ಗ್ರಹಿಸುತ್ತದೆ. ಅಂಗಿಯ ಬಣ್ಣದ ಮಾತು ಅರ್ಧ ಸತ್ಯ. ಟ್ರೌಟ್‌ಗೆ ಬಣ್ಣ ಕಾಣುತ್ತದೆ ನಿಜ, ಆದರೆ ಅದನ್ನು ಬೆದರಿಸುವುದು ಚಲನೆ, ನೆರಳು ಮತ್ತು ಹಿನ್ನೆಲೆಗೆ ಎದ್ದು ಕಾಣುವ ಆಕಾರ. ಬೂದು ಬಂಡೆಯ ಮುಂದೆ ಬಿಳಿ ಟೋಪಿ ಬೇಡ, ಅಷ್ಟೆ. ಹಸಿರಂಗಿ ತೊಟ್ಟು ಆಕಾಶದ ಹಿನ್ನೆಲೆಯಲ್ಲಿ ನಿಂತು ಕೋಲನ್ನು ಐದಾರು ಸಲ ಹಿಂದುಮುಂದು ಬೀಸುವವನಿಗಿಂತ, ಕೆಂಪಂಗಿಯಲ್ಲಿ ಬಂಡೆಗೊರಗಿ ಕುಳಿತವನು ಹೆಚ್ಚು ಮೀನು ಹಿಡಿಯುತ್ತಾನೆ.

ಮೀನುಗಳು ಪಾಠ ಕಲಿತಿವೆಯೇ? ಒಂದಷ್ಟು ಕಲಿತಿವೆ. ಇಲ್ಲಿ ಕೃತಕ ಫ್ಲೈ ಮತ್ತು ಲ್ಯೂರ್ ಎಂಬ ಹುಸಿ ಆಮಿಷಗಳನ್ನಷ್ಟೇ ಬಳಸಬೇಕು, ಹಿಡಿದ ಟ್ರೌಟ್ ಎಲ್ಲವನ್ನೂ ಕೂಡಲೇ ಬಿಡಬೇಕು ಎಂಬ ನಿಯಮ 1970ರ ದಶಕದಿಂದಲೂ ಇದೆ. ದೊಡ್ಡ ನಗರವೊಂದರಿಂದ ಒಂದೂವರೆ ಗಂಟೆಯ ದಾರಿಯಾದ್ದರಿಂದ ವರ್ಷವಿಡೀ ಗಾಳ ಬೀಳುತ್ತಲೇ ಇರುತ್ತದೆ. ಆದರೆ ಒಮ್ಮೆ ಸಿಕ್ಕಿದ ಮೀನು ಮತ್ತೆ ಸಿಗದು ಎಂಬುದು ಸುಳ್ಳು. ಯೆಲ್ಲೊಸ್ಟೋನ್ ನದಿಯ ಹಿಡಿದು-ಬಿಡುವ ಭಾಗದಲ್ಲಿ 1980ರ ದಶಕದ ಆರಂಭದಲ್ಲಿ ನಡೆದ ಅಧ್ಯಯನದ ಪ್ರಕಾರ, ಅಲ್ಲಿನ ಕಟ್‌ಥ್ರೋಟ್ ಟ್ರೌಟ್ ಒಂದೇ ಹಂಗಾಮಿನಲ್ಲಿ ಸರಾಸರಿ 9.7 ಸಲ ಗಾಳಕ್ಕೆ ಸಿಕ್ಕಿತ್ತು. ಕಟ್‌ಥ್ರೋಟ್ ಮುಗ್ಧ ಜಾತಿ, ನಿಮ್ಮ ಕಮರಿಯ ಬ್ರೌನ್ ಟ್ರೌಟ್ ಅಷ್ಟು ಮುಗ್ಧವಲ್ಲ, ಒಪ್ಪುತ್ತೇನೆ. ಆದರೂ ಅದು ಗುರುತಿಟ್ಟುಕೊಳ್ಳುವುದು ನಿಮ್ಮ ಫ್ಲೈಯ ರೆಕ್ಕೆಯ ಬಣ್ಣವನ್ನಲ್ಲ. ಹುಳುವೊಂದು ಹರಿವಿನೊಡನೆ ಬಾರದೆ, ಯಾರೋ ಎಳೆದಂತೆ ಬಂದರೆ ಅದು ತಿನ್ನುವ ವಸ್ತುವಲ್ಲ ಎಂಬುದಷ್ಟೇ ಅದರ ತಿಳಿವಳಿಕೆ.

ಈ ಎಳೆತಕ್ಕೆ ಇಲ್ಲಿ ಡ್ರ್ಯಾಗ್ ಎನ್ನುತ್ತಾರೆ. ಫ್ಲೈ ಬದಲಿಸುವುದರಲ್ಲಿ ಜನ ಕಳೆಯುವ ಸಮಯದ ಕಾಲು ಭಾಗವನ್ನು ಇದಕ್ಕೆ ಕೊಟ್ಟರೆ ಸಾಕೆಂಬುದು ನನ್ನ ಅಭಿಪ್ರಾಯ. ನದಿಯ ಮೇಲ್ಪದರ ವೇಗವಾಗಿಯೂ, ಕಲ್ಲುಗಳಿಗೆ ಉಜ್ಜುವ ತಳಪದರ ನಿಧಾನವಾಗಿಯೂ ಹರಿಯುತ್ತದೆ. ನಿಮ್ಮ ದಾರ ಮೇಲೆ ತೇಲುತ್ತದೆ, ನೀರೊಳಗಿನ ಮರಿಹುಳುವನ್ನು ಹೋಲುವ ಮುಳುಗು ಫ್ಲೈ, ಎಂದರೆ ನಿಂಫ್, ಕೆಳಗಿರುತ್ತದೆ. ಮೇಲಿನದು ಕೆಳಗಿನದನ್ನು ಎಳೆಯುತ್ತದೆ. ಪಕ್ಕದ ನಿಜವಾದ ಹುಳುಗಳು ಒಂದು ವೇಗದಲ್ಲಿ ಬರುತ್ತಿರುವಾಗ ನಿಮ್ಮದು ಅವನ್ನು ಹಿಂದಿಕ್ಕಿ ಬರುತ್ತದೆ. ದಾರಕ್ಕೆ ಸೂಚಕವಾಗಿ ಕಟ್ಟಿದ ಇಂಡಿಕೇಟರ್ ಎಂಬ ತೇಲುಬೆಂಡು ಪಕ್ಕದ ನೊರೆಗುಳ್ಳೆಗಳಿಗಿಂತ ತುಸು ನಿಧಾನವಾಗಿ ಸಾಗುತ್ತಿದ್ದರೆ ನಿಮ್ಮ ನಿಂಫ್ ತಳದ ಹರಿವಿನಲ್ಲಿದೆ ಎಂದರ್ಥ. ಗುಳ್ಳೆಗಳ ವೇಗದಲ್ಲೇ ಸಾಗಿದರೆ ಅದು ಇನ್ನೂ ಮೇಲೆಯೇ ಇದೆ. ಆಗ ಫ್ಲೈ ಬಿಚ್ಚಬೇಡಿ. ದಾರಕ್ಕೆ ಕಚ್ಚಿಸುವ ಸ್ಪ್ಲಿಟ್ ಶಾಟ್ ಎಂಬ ಚಿಕ್ಕ ಭಾರದ ಗುಂಡೊಂದನ್ನು ಸೇರಿಸಿ, ಇಲ್ಲವೇ ತೇಲುವ ದಾರವನ್ನು ಎತ್ತಿ ಮೇಲ್ಹರಿವಿನ ಕಡೆಗೆ ಇಟ್ಟು ಸಡಿಲ ಕೊಡಿ. ಗುಂಡು ಹೆಚ್ಚಾದರೆ ಫ್ಲೈ ಕಲ್ಲಿಗೆ ಸಿಕ್ಕಿಕೊಂಡು ದಾರ ತುಂಡಾಗುತ್ತದೆ, ಕಲ್ಲು ತಟ್ಟಿದ್ದನ್ನೆಲ್ಲ ಮೀನೆಂದು ಎಳೆದು ನೀವೇ ಆ ಜಾಗವನ್ನು ಕೆಡಿಸುತ್ತೀರಿ. ಅದಕ್ಕೇ ಒಂದೊಂದಾಗಿ ಸೇರಿಸಿ ಎಂದೆ.

ಫ್ಲೈಯ ಆಯ್ಕೆಗೆ ಬಂದರೆ, ಗಾತ್ರ ಮುಖ್ಯ, ತದ್ರೂಪು ಮುಖ್ಯವಲ್ಲ. ಕೊರಿಯಾದಿಂದ ಬಂದು ಕೊಲೊರಾಡೊದಲ್ಲಿ ನೆಲೆಸಿದ ರಿಮ್ ಚಂಗ್ 1970ರ ದಶಕದಲ್ಲಿ ಇದೇ ಸೌತ್ ಪ್ಲ್ಯಾಟ್‌ನಲ್ಲಿ ಪರೀಕ್ಷಿಸಿ ರೂಪಿಸಿದ ಆರ್‌ಎಸ್2 ಎಂಬ ಫ್ಲೈಯಲ್ಲಿ ಎರಡು ಬಾಲದ ಎಳೆ, ಬೂದು ಮೈ, ತುಸು ತುಪ್ಪಳದ ರೆಕ್ಕೆಗಂಟು ಬಿಟ್ಟರೆ ಬೇರೇನಿಲ್ಲ. ಹೆಸರಿನ ಅರ್ಥವೇ ‘ರಿಮ್ ಅವರ ಹೋಲಿಕೆ’ ಎಂದು. ಯಾವ ಹುಳುವಿನ ನಕಲೂ ಅಲ್ಲದೆ ಹುಳುವಿನ ಹೋಲಿಕೆ ಮಾತ್ರ. 20ರಿಂದ 24ನೇ ನಂಬರಿನ ಗಾಳಕ್ಕೆ (ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು) ಕಟ್ಟಿದ ಇದೊಂದು, ಮಿಡ್ಜ್ ಮರಿಹುಳುವನ್ನು ಹೋಲುವ ಬರಿ ದಾರ ಸುತ್ತಿದ ಇನ್ನೊಂದು, ಇಷ್ಟಿದ್ದರೆ ವರ್ಷದ ಹೆಚ್ಚಿನ ದಿನಗಳು ಸಾಗುತ್ತವೆ. ನನ್ನ ಪೆಟ್ಟಿಗೆಯಲ್ಲಿ ಮುನ್ನೂರು ಫ್ಲೈಗಳಿವೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಅವುಗಳಲ್ಲಿ ಹೆಚ್ಚಿನವು ಮೀನಿಗಿಂತ ನನ್ನನ್ನೇ ಹಿಡಿದವು.

ತೆಳು ದಾರದ ಮಾತು ಅರ್ಧ ನಿಜ, ಆದರೆ ಕಾರಣ ನಿಮ್ಮ ಗೆಳೆಯರು ಹೇಳುವುದಲ್ಲ. ತೇಲುವ ದಪ್ಪ ದಾರದ ಮುಂದಿನ ತೆಳು ದಾರ ಲೀಡರ್. ಅದರ ತುದಿಗೆ, ಫ್ಲೈಗೆ ಮೊದಲು, ಕಟ್ಟುವ ಇನ್ನೂ ತೆಳುವಾದ ಟಿಪ್ಪೆಟ್‌ನ ಎಕ್ಸ್ ಸಂಖ್ಯೆಯನ್ನು ಹನ್ನೊಂದರಿಂದ ಕಳೆದರೆ ಅದರ ದಪ್ಪ ಅಂಗುಲದ ಸಾವಿರದ ಭಾಗಗಳಲ್ಲಿ ಸಿಗುತ್ತದೆ: 5ಎಕ್ಸ್ ಆರು ಭಾಗ, 6ಎಕ್ಸ್ ಐದು, 7ಎಕ್ಸ್ ನಾಲ್ಕು. ಫ್ಲೂರೊಕಾರ್ಬನ್ ದಾರ ನೀರಲ್ಲಿ ಮಾಯವಾಗುತ್ತದೆಂದು ಮಾರುತ್ತಾರೆ. ಅದು ಬೆಳಕನ್ನು ಬಾಗಿಸುವ ಪ್ರಮಾಣ ನೈಲಾನ್‌ಗಿಂತ ನೀರಿಗೆ ಹತ್ತಿರವಿದೆ ನಿಜ, ಮಾಯವೇನೂ ಆಗದು. ತೆಳು ದಾರದ ದೊಡ್ಡ ಲಾಭ ಅದರ ಬಳುಕು. ಎಳ್ಳಿನಂಥ ಫ್ಲೈಯನ್ನು ಗಡುಸು ದಾರಕ್ಕೆ ಕಟ್ಟಿದರೆ ಹರಿವಿನ ಸಣ್ಣ ತಿರುವುಗಳಿಗೆ ಅದು ತಿರುಗದು. ನಷ್ಟವೂ ಇದೆ. 7ಎಕ್ಸ್ ದಾರದಲ್ಲಿ ಹದಿನಾರು ಅಂಗುಲದ ಮೀನನ್ನು ಬೇಗ ಎಳೆಯಲಾಗದು, ಆಡಿಸಿ ಆಡಿಸಿ ಅದನ್ನು ಸುಸ್ತು ಮಾಡುತ್ತೀರಿ, ಇಲ್ಲವೇ ದಾರ ಹರಿದು ಗಾಳ ಅದರ ಬಾಯಲ್ಲೇ ಉಳಿಯುತ್ತದೆ. 6ಎಕ್ಸ್‌ನಿಂದ ಆರಂಭಿಸಿ, ಅದನ್ನೇ ಉದ್ದವಾಗಿ ಕಟ್ಟಿ. ಉದ್ದವೂ ಬಳುಕನ್ನೇ ಕೊಡುತ್ತದೆ.

ಇನ್ನು ಆ ಬಿಳುಪಿನ ವಿಷಯ. ಕಾವೇರಿಯಲ್ಲಿ ರಾಗಿ ಉಂಡೆಗೆ ಮಾಶೀರ್ ಬಿದ್ದರೆ ಕೋಲು ಬಾಗಿ ರೀಲು ಕೂಗುತ್ತದೆ. ಬೆರಳಿಗೆ ತಾಗುವವರೆಗೆ ಕಾಯುವುದು ನಿಮ್ಮ ಕೈ ಅಲ್ಲಿ ಕಲಿತ ಪಾಠ. ಇಲ್ಲಿ ಆ ಪಾಠವನ್ನು ಮರೆಯಬೇಕು. ಉಂಡೆಗೆ ರುಚಿಯಿದೆ, ವಾಸನೆಯಿದೆ, ಮೀನು ಅದನ್ನು ಬಾಯಲ್ಲಿ ಉಳಿಸಿಕೊಳ್ಳುತ್ತದೆ. ಕಬ್ಬಿಣಕ್ಕೆ ಸುತ್ತಿದ ದಾರವನ್ನು ಟ್ರೌಟ್ ಕ್ಷಣಾರ್ಧದಲ್ಲಿ ಉಗುಳುತ್ತದೆ, ಸಡಿಲವಿರುವ ದಾರದಲ್ಲಿ ಆ ಸುದ್ದಿ ಕೈಗೆ ಬರುವುದೇ ಇಲ್ಲ, ಎಷ್ಟೋ ಸಲ ಇಂಡಿಕೇಟರ್‌ಗೂ ಬರುವುದಿಲ್ಲ. ಆದ್ದರಿಂದ ತಿಳಿನೀರಿನಲ್ಲಿ ಕಣ್ಣನ್ನು ಇಂಡಿಕೇಟರ್ ಮೇಲಿಡದೆ ಮೀನಿನ ಮೇಲಿಡಿ. ನಿಮ್ಮ ಫ್ಲೈ ಅದರ ಬಳಿ ಇರಬೇಕಾದ ಹೊತ್ತಿಗೆ ಅದು ಪಕ್ಕಕ್ಕೆ ಸರಿದರೆ, ತಲೆ ಎತ್ತಿದರೆ, ಬಾಯಿಯ ಬಿಳುಪು ತೋರಿದರೆ, ಕೋಲನ್ನು ಮೆಲ್ಲನೆ ಕೆಳಹರಿವಿನ ಕಡೆಗೆ ಎತ್ತಿ. ಜೋರಾಗಿ ಜಗ್ಗಿದರೆ ತೆಳು ದಾರ ಹರಿಯುತ್ತದೆ. ಫ್ಲೈ ನಿಮಗೆ ಕಾಣದ ಕಾರಣ ಹಲವು ಸಲ ನಿಮ್ಮ ಊಹೆ ತಪ್ಪುತ್ತದೆ, ಮೀನು ಬೇರೆ ಹುಳುವನ್ನು ತಿಂದಿರುತ್ತದೆ. ಮೆಲ್ಲನೆ ಎತ್ತಿದ್ದರೆ ಹಾಗೆ ತಪ್ಪಿದ್ದಕ್ಕೂ ಅದು ಬೆದರುವುದಿಲ್ಲ. ಇದಕ್ಕೆ ನೀರಿನ ಮೇಲಿನ ಹೊಳಪನ್ನು ತಡೆಯುವ ಧ್ರುವೀಕರಿಸಿದ (ಪೋಲರೈಸ್ಡ್) ಕನ್ನಡಕ ಬೇಕೇ ಬೇಕು. ಉಳಿದ ಯಾವ ಸಲಕರಣೆಯಲ್ಲಿ ಬೇಕಾದರೂ ಹಣ ಉಳಿಸಿ.

ನಿಮ್ಮ ಮುಂದಿರುವ ದಾರಿಗಳು ಮೂರು, ಮೂರಕ್ಕೂ ಅದರದರ ತೊಡಕಿದೆ. ಕೆಳಹರಿವಿನಿಂದ ಬಂದು ಮೇಲಕ್ಕೆ ಎಸೆಯುವುದು ಮರೆಯಾಗಿರಲು ಒಳ್ಳೆಯದು, ಆದರೆ ದಾರ ಮೀನಿನ ತಲೆಯ ಮೇಲೆ ಬಿದ್ದರೆ ಆಟ ಮುಗಿಯಿತು. ಓರೆಯಾಗಿ ನಿಂತು ಲೀಡರ್ ಮಾತ್ರ ಅದರ ದಾರಿಗೆ ಬೀಳುವಂತೆ ಎಸೆಯಬೇಕು. ಮೇಲಿನಿಂದ ಕೆಳಕ್ಕೆ ತೇಲಿಬಿಟ್ಟರೆ ಮೀನು ದಾರಕ್ಕಿಂತ ಮೊದಲು ಫ್ಲೈಯನ್ನು ನೋಡುತ್ತದೆ, ಮೇಲ್ಮೈಯಲ್ಲಿ ಮೇಯುವ ಮೀನಿಗೆ ಇದೇ ಸರಿ. ಆದರೆ ನೀವು ಅದರ ಕಣ್ಣೆದುರಿಗೆ ಇರುತ್ತೀರಿ, ಎತ್ತುವಾಗ ಗಾಳ ಅದರ ಬಾಯಿಂದ ಹೊರಕ್ಕೆ ಜಾರುವ ಸಂಭವವೂ ಹೆಚ್ಚು. ಮೂರನೆಯದು ಕಾಣುವ ಮೀನಿನ ಹಂಬಲವನ್ನೇ ಬಿಟ್ಟು, ಬಂಡೆಗಳ ನಡುವಿನ ಕಲಕಿದ ನೀರಿಗೆ ಹೋಗುವುದು. ಅಲ್ಲಿ ಮೇಲ್ಮೈ ಒಡೆದಿರುವುದರಿಂದ ಕಿಟಕಿಯೂ ಒಡೆದಿರುತ್ತದೆ, ಮೀನಿಗೆ ಪರೀಕ್ಷಿಸಲು ಸಮಯವಿಲ್ಲ. ನಿಮಗೂ ಅದು ಕಾಣದು, ಇಂಡಿಕೇಟರನ್ನೇ ನಂಬಬೇಕು. ಐದನೆಯ ಪ್ರಯಾಣದಲ್ಲಿ ನೀವು ಮಾಡಬೇಕಾದ್ದು ಇದೆಂದು ನಾನು ಸೂಚಿಸುತ್ತೇನೆ. ಮೊದಲ ಮೀನು ಅಲ್ಲಿ ಸಿಕ್ಕ ಮೇಲೆ ಮಡುಗಳ ಕಡೆಗೆ ಬನ್ನಿ.

ಹೊರಡುವ ಮುನ್ನ ನೀರಿನ ಮಟ್ಟ ನೋಡಿ. ಕನ್ನಂಬಾಡಿ ಕಟ್ಟೆಯ ಸುದ್ದಿಯಲ್ಲಿ ನೀವು ಓದಿ ಬೆಳೆದ ಕ್ಯೂಸೆಕ್ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ, ಸರ್ಕಾರಿ ಮಾಪನ ಕೇಂದ್ರಗಳ ಅಂಕಿ ಅಂತರಜಾಲದಲ್ಲಿ ದಿನವೂ ಸಿಗುತ್ತದೆ. ಆದರೆ ಸಾವಿರಗಳ ಬದಲು ನೂರುಗಳನ್ನು ನಿರೀಕ್ಷಿಸಿ. ನೂರಕ್ಕಿಂತ ಕೆಳಗಿಳಿದಾಗ ಮೀನುಗಳು ಇನ್ನಷ್ಟು ಅಂಜುತ್ತವೆ. ನೂರೈವತ್ತರಿಂದ ಮುನ್ನೂರರವರೆಗೆ ನನ್ನ ಅನುಭವದಲ್ಲಿ ಹಿತ. 2002ರ ಹೇಮನ್ ಕಾಳ್ಗಿಚ್ಚಿನಲ್ಲಿ ಸುತ್ತಲಿನ ಸುಮಾರು 1,38,000 ಎಕರೆ ಸುಟ್ಟ ಮೇಲೆ, ಜೋರು ಮಳೆಗೆ ಗುಡ್ಡದ ಸಡಿಲ ಗ್ರಾನೈಟ್ ಮರಳು ಹೊಳೆಗೆ ಇಳಿದು ನೀರು ಕಲಕಿದ್ದನ್ನು ಹಲವು ಸಲ ಕಂಡಿದ್ದೇನೆ. ಅದೇ ಮರಳು ಕಾಲುದಾರಿಯ ಇಳಿಜಾರಿನಲ್ಲಿ ಪಾದ ಜಾರಿಸುತ್ತದೆ, ಜೋಪಾನ. ಜುಲೈ-ಆಗಸ್ಟ್ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದರೆ ಕೈಯಲ್ಲಿರುವ ಒಂಬತ್ತಡಿ ಗ್ರಾಫೈಟ್ ಕೋಲು ಸಿಡಿಲಿಗೆ ದಾರಿ ಮಾಡಿಕೊಡುವ ವಸ್ತುವೆಂಬುದು ನೆನಪಿರಲಿ. ಕೋಲು ಕೆಳಗಿಟ್ಟು ಆಶ್ರಯ ಹುಡುಕಿ.

ಬಿಟ್ಟ ಮೀನು ಬದುಕುತ್ತದೆಯೇ ಎಂಬ ನಿಮ್ಮ ಅಳುಕು ಸರಿಯಾದದ್ದು, ಉತ್ತರ ನಿಮ್ಮ ಕೈಯಲ್ಲೇ ಇದೆ. ಮೇಲೆ ಹೇಳಿದ ಯೆಲ್ಲೊಸ್ಟೋನ್ ಅಧ್ಯಯನದಲ್ಲಿ ಒಂದು ಸಲ ಹಿಡಿದು ಬಿಟ್ಟದ್ದಕ್ಕೆ ಸಾವಿನ ಪ್ರಮಾಣ ಶೇ. 0.3 ಮಾತ್ರ. ಇದಕ್ಕೆ ವಿರುದ್ಧವಾಗಿ, 1992ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ, ದಣಿಯುವ ತನಕ ಅಟ್ಟಿದ ರೇನ್‌ಬೋ ಟ್ರೌಟ್‌ಗಳಲ್ಲಿ ಶೇ. 88ರಷ್ಟು ಬದುಕಿದವು, ದಣಿದ ಮೇಲೆ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 62, ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 28 ಮಾತ್ರ ಉಳಿದವು. ಪ್ರಯೋಗಶಾಲೆಯ ಕಠಿಣ ಸ್ಥಿತಿಯ ಅಂಕಿಗಳಾದ್ದರಿಂದ ಅವನ್ನು ಹೊಳೆಗೆ ಹಾಗೆಯೇ ಅನ್ವಯಿಸಲಾಗದು, ಆದರೆ ಅವು ತೋರುವ ದಿಕ್ಕಿನಲ್ಲಿ ಸಂದೇಹವಿಲ್ಲ. ಮುಳ್ಳು ಚಪ್ಪಟೆ ಮಾಡಿದ ಗಾಳ, ರಬ್ಬರ್ ಬಲೆ, ಒದ್ದೆ ಕೈ. ಫೋಟೊ ಬೇಕಾದರೆ ಮೀನು ನೀರಲ್ಲೇ ಇರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಲು ಮಡಚಿ. ಕಮರಿಯೊಳಗೆ ಇದು ಅಪರೂಪ, ಕೆಳಗಿನ ಬಯಲಿನಲ್ಲಿ ಬೇಸಿಗೆಯ ಮಧ್ಯಾಹ್ನ ಆಗಬಹುದು.

ಮುಂದಿನ ಸಲ ಅಕ್ಟೋಬರ್‌ನ ಮೋಡದ ದಿನವೊಂದನ್ನು ಆರಿಸಿಕೊಳ್ಳಿ, ಬೇಟಿಸ್ ಹುಳುಗಳು ಅಂಥ ಮಧ್ಯಾಹ್ನಗಳಲ್ಲಿ ಹೆಚ್ಚಾಗಿ ಏಳುತ್ತವೆ. ಅದೇ ತಿಂಗಳಲ್ಲಿ ಬ್ರೌನ್ ಟ್ರೌಟ್ ಮೊಟ್ಟೆಯಿಡಲು ಜಲ್ಲಿ ಕೆದಕಿ ತೊಟ್ಟಿಲಿನಂಥ ತಗ್ಗು ಮಾಡುತ್ತದೆ. ಸುತ್ತಲಿನ ಕಂದು ತಳದ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಜಾಗಗಳು ಅವೇ. ಅವುಗಳ ಮೇಲೆ ನಿಂತ ಜೋಡಿ ಮೀನುಗಳು ಇಡೀ ಕಮರಿಯಲ್ಲಿ ಅತ್ಯಂತ ಸುಲಭವಾಗಿ ಸಿಗುವಂಥವು. ಅವುಗಳಿಗೆ ಗಾಳ ಹಾಕಬೇಡಿ, ಆ ಜಲ್ಲಿಯನ್ನು ತುಳಿಯಬೇಡಿ.